ಹಿಂದಿನ ಸಾಲು

ಗೂಲ್ ಚಪ್ಪಟೆ ಊರು.
ಹಡಗುಕಟ್ಟೆಯ ಕ್ರೇನು, ಊರವರು ಉಪ್ಪು-ಮೆಣಸಿನ ಡಬ್ಬಿ ಅನ್ನುವ
ಎರಡು ನೀರಿನ ಗೋಪುರ,
ಇಷ್ಟು ಬಿಟ್ಟರೆ ಆಕಾಶಕ್ಕೆ ತಗಲುವುದು
ಕ್ಲಿಫ್ ಬೈವಾಟರನ ತಲೆಯೊಂದೇ
ಎಂಬ ಮಾತಿತ್ತಂತೆ ಎಪ್ಪತ್ತೆಂಟರಲ್ಲಿ.

ನಾಲ್ಕುನೂರ ಹನ್ನೊಂದು ಪಂದ್ಯ, ಮೂರು ಗೋಲು.
ಅದರಲ್ಲಿ ಎರಡು ತನ್ನದೇ ಬಲೆಗೆ.
‘ಮೂರನೆಯದೂ ಹೊಡೆಯಲು ಹೋದದ್ದಲ್ಲ,
ಚೆಂಡೇ ಬಂದು ಮಂಡಿಗೆ ಬಡಿಯಿತು’ ಅನ್ನುತ್ತಾನೆ
ಕಟಕಟೆಯಲ್ಲಿ ನಿಂತವನ ಹಾಗೆ.

ನಾನು ಬೂತ್‌ಫೆರಿ ರಸ್ತೆಯ ಔಷಧಿ ಅಂಗಡಿಯವನು.
ಶನಿವಾರ ಮಾತ್ರ ಬಕೆಟ್ಟು, ಸ್ಪಾಂಜು, ಐಸಿನ ಪೊಟ್ಟಣ.
ಗದಗಿನಲ್ಲಿ ಕಬಡ್ಡಿ ಆಡುತ್ತಿದ್ದೆ ಎಂದು ಬಾಯಿತಪ್ಪಿ ಅಂದಿದ್ದೆ.
‘ನುಗ್ಗುವವನೋ, ಹಿಡಿಯುವವನೋ?’
ಹಿಡಿಯುವವನು.
‘ಹಾಗಾದರೆ ನಾಳೆ ಒಂದೂವರೆಗೆ ಬಾ.’

ಅಷ್ಟೇ ಸಂದರ್ಶನ.

ಹಿಡಿಯುವವನ ಒಳ್ಳೆಯ ದಿನ
ಏನೂ ಆಗದ ದಿನ.
ಅದನ್ನು ಯಾವ ಪತ್ರಿಕೆ ಬರೆದೀತು?
ವಾರಪತ್ರಿಕೆಯ ಒಂದು ತುಣುಕು ಇಟ್ಟುಕೊಂಡಿದ್ದಾನೆ, ಮಡಿಕೆ ಹರಿದಿದೆ:
‘ಬೈವಾಟರ್ ಕೂಡ ಆಡಿದರು.’

ಬೂಟು ಕಳಚಿ ಎರಡು ವರ್ಷ ಕಲ್ಲಿದ್ದಲ ದೋಣಿ,
ಆಮೇಲೆ ಈ ಡಾಕ್‌ಸೈಡ್ ಕ್ಲಬ್ಬು, ಮೂವತ್ತೆರಡು ವರ್ಷ.
ತಗಡಿನ ಮಾಡು, ನೂರೆಂಬತ್ತು ಜನ, ಎರಡು ನಾಯಿ,
ಬಿಸಿನೀರು ಮೊದಲ ಆರು ಹುಡುಗರಿಗೆ.
ಮೇಲಿನ ದರ್ಜೆಗೆ ಹತ್ತಿದ್ದು ಒಮ್ಮೆ, ಜಾರಿದ್ದು ಮೂರು ಸಲ.
ಅವನನ್ನು ತೆಗೆದುಹಾಕಲಿಲ್ಲ ಯಾರೂ;
ಆ ಕುರ್ಚಿಗೆ ಅರ್ಜಿಯೇ ಬರಲಿಲ್ಲ.

ಪಾಠ ಒಂದೇ. ಚೆಂಡು ನೋಡಬೇಡ,
ಬರುವವನ ಸೊಂಟ ನೋಡು.
ಕಣ್ಣು ಸುಳ್ಳು ಹೇಳುತ್ತೆ, ಕಾಲು ಸುಳ್ಳು ಹೇಳುತ್ತೆ,
ಸೊಂಟಕ್ಕೆ ಅಷ್ಟು ಬುದ್ಧಿಯಿಲ್ಲ.

ಗೇನ್ಸ್‌ಬರೋದಲ್ಲಿ ಐದು-ಸೊನ್ನೆ ಸೋತು ಬರುವಾಗ
ಮಿನಿಬಸ್ಸಿನ ಕತ್ತಲಲ್ಲಿ ಹೇಳಿದೆ:
ನಮ್ಮ ಕಡೆ, ಊರ ತುರು ಹೊಡೆಯಲು ಬಂದವರಿಗೆ
ಅಡ್ಡ ನಿಂತು ಸತ್ತವನಿಗೆ ಕಲ್ಲು ನಿಲ್ಲಿಸುತ್ತಿದ್ದರು.
ಕೆಳಗೆ ಕಾಳಗ, ನಡುವೆ ಎತ್ತಿಕೊಂಡು ಹೋಗುವ ಅಪ್ಸರೆಯರು,
ಮೇಲೆ ಲಿಂಗ, ಸೂರ್ಯ, ಚಂದ್ರ.
ಬಹಳ ಹೊತ್ತು ಕಿಟಕಿಯಾಚೆ ನೋಡಿದ.
‘ಹಸುಗಳು ಉಳಿದವೋ?’
ಕೆಲವು ಕಲ್ಲಲ್ಲಿ ಬರೆದಿದೆ, ತುರು ಮರಳಿಸಿ ಸತ್ತ ಅಂತ.
ಕೆಲವದರ ಅಕ್ಷರ ಸವೆದಿದೆ.
‘ಸೊನ್ನೆ-ಸೊನ್ನೆ ಅಂತ ಬರೆದುಕೋ’ ಅಂದ.

ಈ ಚಳಿಗಾಲ ಅವನದೇ ಹೊಸ ನಿಯಮ:
ಹದಿನಾಲ್ಕರೊಳಗಿನವರು ತಲೆಯಿಂದ ಹೊಡೆಯುವಂತಿಲ್ಲ.
ಅಪ್ಪಂದಿರು ಗೊಣಗಿದರು. ಅವನು ಕಾರಣ ಕೊಡಲಿಲ್ಲ.
ಕಾರಣ ನನ್ನ ಅಂಗಡಿಯ ಎರಡನೇ ಡ್ರಾಯರಿನಲ್ಲಿದೆ,
ಬಿಳಿ ಕಾಗದದ ಚೀಲದಲ್ಲಿ;
ಪ್ರತಿ ನಾಲ್ಕನೇ ಗುರುವಾರ ಮಾವ್ರೀನ್ ಬಂದು ಒಯ್ಯುತ್ತಾಳೆ,
ಹವೆಯ ಮಾತಾಡುತ್ತ.
ಮಳೆಗೆ ನೆಂದ ತೊಗಲಿನ ಚೆಂಡು ಎಷ್ಟು ತೂಗುತ್ತಿತ್ತು
ನಾನು ಕೇಳಿಲ್ಲ.

ಎಡಬದಿಯ ಹುಡುಗ ಕೈರನ್‌ನನ್ನು ‘ಡೆರೆಕ್’ ಎಂದು ಕೂಗುತ್ತಾನೆ.
ಡೆರೆಕ್ ಅವನ ತಮ್ಮ;
ಊಸ್ ಹೊಳೆ ಅರವತ್ತೆರಡರಲ್ಲೇ ಒಯ್ದಿತು.
ಕೈರನ್ ತಿದ್ದುವುದಿಲ್ಲ.
ಡೆರೆಕ್ ಅಂದರೆ ತಿರುಗುತ್ತಾನೆ, ಎರಡು ಗಜ ಒಳಗೆ ಸರಿಯುತ್ತಾನೆ,
ಅಷ್ಟರಲ್ಲಿ ಚೆಂಡು ಅಲ್ಲಿಗೇ ಬಂದಿರುತ್ತದೆ.

ಈಗ ನಾನು ಮಂಗಳವಾರವೂ ಹೋಗುತ್ತೇನೆ.
ದೀಪ ಹಚ್ಚುವ ಮುಂಚೆ ಕಿತ್ತಳೆ ಕೋನುಗಳನ್ನು ಇಡುತ್ತಾನೆ,
ನಾಲ್ಕು, ಒಂದು ಸಾಲು.
ದೂರ ಹೋಗಿ ನೋಡುತ್ತಾನೆ.
ಎರಡನೆಯದನ್ನು ಒಂದು ಹೆಜ್ಜೆ ಹಿಂದಕ್ಕೆ.
ಮತ್ತೆ ಮುಂದಕ್ಕೆ. ಮತ್ತೆ ಹಿಂದಕ್ಕೆ.
ಅದು ಅವನ ಜಾಗ.
ಎದುರಿಗೆ ಹಂಬರ್ ಕಡೆಯ ಗಾಳಿ,
ಸೊಂಟವೇ ಇಲ್ಲದ್ದು.

ಹುಡುಗರು ಬರುವ ಮುಂಚೆ
ಬಕೆಟ್ಟಿಗೆ ನೀರು ಹಿಡಿಯುತ್ತೇನೆ.
ಇನ್ನೂ ಬಿಸಿಯಿದೆ.